ಓದುಗರ ಪ್ರಶ್ನೆ, ನಮ್ಮ ಉತ್ತರ: ಕೋಡ್ ಬರೆಯದ ಬಿಸಿನೆಸ್ ಅನಲಿಸ್ಟ್‌ಗೆ ಮುಂದೇನು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯವು. ಕೇಳಿದ್ದೂ ಹೆಚ್ಚುಕಡಿಮೆ ಒಂದೇ: ಎಂಬಿಎ ಮುಗಿಸಿ ಐಟಿ ಕಂಪನಿಯಲ್ಲಿ ಬಿಸಿನೆಸ್ ಅನಲಿಸ್ಟ್ ಆಗಿದ್ದೇವೆ, ಕೋಡಿಂಗ್ ಬಾರದು, ಮುಂದಕ್ಕೆ ದಾರಿ ಇದೆಯೇ? ಗ್ರಾಹಕರಿಗೆ ಏನು ಬೇಕು ಎಂದು ತಿಳಿದು ಸಾಫ್ಟ್‌ವೇರ್ ಮಾಡುವವರಿಗೆ ಬರೆದುಕೊಡುವ ಈ ಕೆಲಸವನ್ನು ಕಂಪನಿಗಳಲ್ಲಿ ‘ಬಿಎ’ ಎಂದು ಕರೆಯುತ್ತಾರೆ. ನಮ್ಮ ಕಡೆ ಹಾಗೆಂದರೆ ಯಾವ ಕಾಲೇಜು, ಯಾವ ವಿಷಯ ಎಂದು ಕೇಳುತ್ತಾರೆ. ಆದ್ದರಿಂದ ಇಲ್ಲಿ ‘ಅನಲಿಸ್ಟ್’ ಎಂದೇ ಬರೆದಿದ್ದೇವೆ.

ಪ್ರಶ್ನೆ: ಬಳ್ಳಾರಿಯಲ್ಲಿ ಎಂಬಿಎ (ಫೈನಾನ್ಸ್) ಮುಗಿಸಿ ಬೆಂಗಳೂರಿನ ಒಂದು ಸರ್ವಿಸ್ ಕಂಪನಿಯಲ್ಲಿ (ಬೇರೆ ಕಂಪನಿಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವುದು) ಎರಡೂವರೆ ವರ್ಷದಿಂದ ಇದ್ದೇನೆ. ಪ್ರಾಜೆಕ್ಟ್ ಸಾಲ ಕೊಡುವ ಸಂಸ್ಥೆಯೊಂದರದು. ಪದನಾಮ ಬಿಸಿನೆಸ್ ಅನಲಿಸ್ಟ್, ಮಾಡುವುದು ಮೀಟಿಂಗಿನ ಮಿನಿಟ್ಸ್ ಬರೆಯುವುದು, ಜಿರಾ ತಂತ್ರಾಂಶದಲ್ಲಿ ಟಿಕೆಟ್ (ಒಂದೊಂದು ಕೆಲಸದ ಚೀಟಿ) ಸರಿಸುವುದು, ಶುಕ್ರವಾರ ಸ್ಟೇಟಸ್ ಪಿಪಿಟಿ ಮಾಡುವುದು. ಟೀಮಿನವರು ‘ಜಾವಾ ಕಲಿ, ಇಲ್ಲಾಂದ್ರೆ ಇಲ್ಲೇ ಇರ್ತೀಯ’ ಅಂತಾರೆ. ನಿಜವೇ ಸರ್? — ಹೆಸರು ಬೇಡ, ಸಿಂಧನೂರು

ಉತ್ತರ: ಇಲ್ಲೇ ಇರುತ್ತೀರಿ ಅನ್ನುವುದು ನಿಜವಾಗಬಹುದು. ಆದರೆ ಕಾರಣ ಜಾವಾ ಅಲ್ಲ. ಎರಡೂವರೆ ವರ್ಷ ಕೆಲಸ ಮಾಡಿದವರ ಜೊತೆ ಜಾವಾದಲ್ಲಿ ಪೈಪೋಟಿಗೆ ಇಳಿದರೆ ನೀವು ಮತ್ತೆ ಫ್ರೆಷರ್. ನಿಮ್ಮ ತೊಂದರೆ ಬೇರೆ: ನಿಮ್ಮ ಕೈಯಿಂದ ಒಂದೂ ನಿರ್ಧಾರ ಹಾದುಹೋಗುತ್ತಿಲ್ಲ.

ಇದನ್ನು ನೀವೇ ಅಳೆದು ನೋಡಬಹುದು. ಕಳೆದ ತಿಂಗಳು ನಿಮ್ಮ ಹೆಸರಲ್ಲಿದ್ದ ಟಿಕೆಟ್‌ಗಳನ್ನು ಎಕ್ಸೆಲ್‌ಗೆ ಇಳಿಸಿ ಮೂರು ಗುಂಪು ಮಾಡಿ. ಯಾರೋ ಹೇಳಿದ್ದನ್ನು ಹಾಗೇ ಬರೆದದ್ದು ಒಂದು, ನೀವು ಕೇಳಿದ ಪ್ರಶ್ನೆಯಿಂದ ಬದಲಾದದ್ದು ಇನ್ನೊಂದು, ಎರಡು ದಾರಿಗಳಲ್ಲಿ ಒಂದನ್ನು ನೀವೇ ಸೂಚಿಸಿ ಒಪ್ಪಿಸಿದ್ದು ಮತ್ತೊಂದು. ಮೊದಲ ಗುಂಪೇ ಮುಕ್ಕಾಲು ಪಾಲು ಇದ್ದರೆ ಆ ಕೆಲಸ ಉಳಿಯುವುದು ಕಷ್ಟ. ಮೀಟಿಂಗ್ ಮುಗಿದ ಐದು ನಿಮಿಷಕ್ಕೆ ಮಿನಿಟ್ಸ್ ಬರೆದುಕೊಡುವ ಎಐ ಸಾಧನಗಳು ಈಗಾಗಲೇ ಬಂದಿವೆ.

ಅನಲಿಸ್ಟ್ ಏಣಿಯಲ್ಲಿ ಮೆಟ್ಟಿಲಿನಿಂದ ಮೆಟ್ಟಿಲಿಗೆ ಬದಲಾಗುವುದು ನಿಮ್ಮ ಪಾಲಿಗೆ ಬರುವ ಕೆಲಸದ ಅಳತೆ. ಮೊದಲ ಎರಡು ಮೂರು ವರ್ಷ ಒಂದು ಸ್ಕ್ರೀನ್ ಅಥವಾ ಒಂದು ಫೀಚರ್. ನಾಲ್ಕನೇ ವರ್ಷದ ಹೊತ್ತಿಗೆ ಸೀನಿಯರ್ ಆಗುವವರ ಹತ್ತಿರ ಒಂದಿಡೀ ಪ್ರಕ್ರಿಯೆ ಇರುತ್ತದೆ. ನಿಮ್ಮ ಪ್ರಾಜೆಕ್ಟಿನಲ್ಲಿ ಅದು ಅರ್ಜಿಯಿಂದ ಮೊದಲ ಕಂತು ಜಮೆಯಾಗುವವರೆಗಿನ ದಾರಿ. ಎಂಟು ವರ್ಷದ ಆಸುಪಾಸಿನ ಲೀಡ್, ಯಾವುದನ್ನು ಈಗ ಮಾಡಬಾರದು ಎಂದು ಗ್ರಾಹಕರಿಗೆ ಹೇಳಿ ಒಪ್ಪಿಸುವವನು. ವರ್ಷದ ಲೆಕ್ಕ ಕಂಪನಿಯಿಂದ ಕಂಪನಿಗೆ ಹಿಂದೆಮುಂದೆ ಆಗುತ್ತದೆ, ಕ್ರಮ ಮಾತ್ರ ಇದೇ.

ನೀವಿರುವ ಜಾಗದಿಂದಲೇ ಒಂದು ಉದಾಹರಣೆ. ಕಂತು ತಪ್ಪಿದ ಸಾಲಗಾರರ ಮೇಲೆ ಹಾಕುವ ದಂಡದ ಬಗ್ಗೆ ರಿಸರ್ವ್ ಬ್ಯಾಂಕ್ 2023ರ ಆಗಸ್ಟ್ 18ರಂದು ಸುತ್ತೋಲೆ ಹೊರಡಿಸಿತು. ದಂಡವನ್ನು ಬಡ್ಡಿದರಕ್ಕೆ ಸೇರಿಸಿ ‘ದಂಡಬಡ್ಡಿ’ ಹಾಕುವಂತಿಲ್ಲ, ಅದು ಪ್ರತ್ಯೇಕ ಶುಲ್ಕವಾಗಿರಬೇಕು, ಅದರ ಮೇಲೆ ಮತ್ತೆ ಬಡ್ಡಿ ಬೆಳೆಯಕೂಡದು. ಹೊಸ ಸಾಲಗಳಿಗೆ ಇದು 2024ರ ಏಪ್ರಿಲ್ 1ರಿಂದ ಜಾರಿಯಾಯಿತು. ಓದಲು ಕೆಲವೇ ಪುಟ. ಸಿಸ್ಟಂನಲ್ಲಿ ಅದು ಎಲ್ಲೆಲ್ಲಿ ತಾಗುತ್ತದೆ ಎಂದು ಪಟ್ಟಿ ಮಾಡಿ ನೋಡಿ. ರಾತ್ರಿ ಓಡುವ ಬಡ್ಡಿ ಲೆಕ್ಕ, ಲೆಡ್ಜರಿನ ಖಾತೆ ಶೀರ್ಷಿಕೆ, ಗ್ರಾಹಕರಿಗೆ ಹೋಗುವ ಎಸ್ಸೆಮ್ಮೆಸ್ಸಿನ ಒಕ್ಕಣೆ, ಸಾಲ ಮಂಜೂರಾತಿ ಪತ್ರ, ಸ್ಟೇಟ್‌ಮೆಂಟ್, ಅವಧಿಗೆ ಮೊದಲೇ ಸಾಲ ತೀರಿಸುವವರ ಲೆಕ್ಕ, ಬಂದ ಹಣವನ್ನು ಮೊದಲು ಅಸಲಿಗೋ ಬಡ್ಡಿಗೋ ಶುಲ್ಕಕ್ಕೋ ಹಚ್ಚಬೇಕೆಂಬ ಕ್ರಮ, ಹಳೆಯ ಸಾಲಗಳನ್ನು ಹೊಸ ನಿಯಮಕ್ಕೆ ತರುವ ದಿನ. ಇದರಲ್ಲಿ ಒಂದನ್ನು ಬಿಟ್ಟರೂ ದೂರು ಬರುವುದು ಗ್ರಾಹಕರಿಂದಲೇ. ಈ ಪಟ್ಟಿ ಮಾಡಲು ಒಂದು ಸಾಲು ಕೋಡ್ ಬೇಕಿಲ್ಲ. ಆದರೆ ಪಟ್ಟಿ ಮಾಡಿದವರನ್ನು ಬಿಟ್ಟು ಮುಂದಿನ ಮೀಟಿಂಗ್ ನಡೆಯುವುದಿಲ್ಲ.

ಹಾಗಾಗಿ ಮುಂದಿನ ಆರು ತಿಂಗಳಲ್ಲಿ ಯಾರಿಗೂ ಬೇಡವಾದ ಒಂದು ಮಾಡ್ಯೂಲ್ ಕೇಳಿ ತೆಗೆದುಕೊಳ್ಳಿ. ಸಾಮಾನ್ಯವಾಗಿ ಅದು ತಾಳೆ ನೋಡುವುದು, ರೀಫಂಡ್, ಬೌನ್ಸ್ ಆದ ನಾಚ್ ಕಂತು (ಬ್ಯಾಂಕ್ ಖಾತೆಯಿಂದ ತಾನಾಗಿ ಕಡಿತವಾಗುವುದು), ರದ್ದತಿ, ಇಂಥದ್ದು. ಎಲ್ಲರೂ ಸುಗಮ ದಾರಿಯ ಬಗ್ಗೆ ಬರೆಯುತ್ತಾರೆ, ವ್ಯವಹಾರದ ಒಳಗುಟ್ಟು ಇರುವುದು ತಪ್ಪಿದ ದಾರಿಯಲ್ಲಿ. ಮ್ಯಾನೇಜರ್ ಹತ್ತಿರ ‘ನನಗೆ ಒಳ್ಳೆ ಕೆಲಸ ಕೊಡಿ’ ಎನ್ನಬೇಡಿ. ‘ಬೌನ್ಸ್ ಆದ ಕಂತುಗಳ ಯುಎಟಿ ನಾನು ನೋಡ್ತೀನಿ, ಟೆಸ್ಟ್ ಸನ್ನಿವೇಶಗಳನ್ನು ಶುಕ್ರವಾರದೊಳಗೆ ಕೊಡ್ತೀನಿ’ ಎನ್ನಿ (ಯುಎಟಿ ಎಂದರೆ ಬಳಕೆದಾರರ ಕಡೆಯಿಂದ ಮಾಡುವ ಕೊನೆಯ ಪರೀಕ್ಷೆ). ಇಷ್ಟು ಖಚಿತವಾಗಿ ಕೇಳಿದರೆ ಬೇಡ ಎನ್ನಲು ಅವರಿಗೂ ಕಾರಣ ಸಿಗುವುದಿಲ್ಲ.

ಮಿನಿಟ್ಸ್ ಬರೆಯಲೇಬೇಕಾದರೆ ಅದನ್ನು ನಿರ್ಧಾರಗಳ ದಾಖಲೆ ಮಾಡಿ: ಏನು ತೀರ್ಮಾನವಾಯಿತು, ಯಾರು ಒಪ್ಪಿದರು, ಯಾವ ಪರ್ಯಾಯವನ್ನು ಬಿಟ್ಟರು, ಏಕೆ ಬಿಟ್ಟರು. ನಾಲ್ಕು ತಿಂಗಳ ನಂತರ ‘ಹೀಗೆ ಮಾಡಿ ಅಂತ ಹೇಳಿದ್ದು ಯಾರು’ ಎಂಬ ಜಗಳ ಬಂದೇ ಬರುತ್ತದೆ. ಆಗ ಎಲ್ಲರೂ ಹುಡುಕುವುದು ಆ ಕಡತವನ್ನು.

ಈಗಲೇ ಕಂಪನಿ ಬದಲಿಸಿದರೆ ಸಂಬಳ ಏರಬಹುದು. ಅದೇ ಮಿನಿಟ್ಸ್ ಕೆಲಸಕ್ಕೆ ಮೂರನೇ ಕಂಪನಿಗೆ ಹೋದಾಗ ಸಂದರ್ಶನದಲ್ಲಿ ‘ನೀವು ತೆಗೆದುಕೊಂಡ ಒಂದು ನಿರ್ಧಾರ ಹೇಳಿ’ ಎಂದರೆ ಹೇಳಲು ಏನೂ ಇರುವುದಿಲ್ಲ. ಐದಾರು ವರ್ಷವಾದವರು ಸಿಕ್ಕಿಬೀಳುವುದು ಹೆಚ್ಚಾಗಿ ಈ ಪ್ರಶ್ನೆಯಲ್ಲೇ.

ಪ್ರಶ್ನೆ: ಕೋಡಿಂಗ್ ಬೇಡ ಅಂತೀರಿ, ಆದರೆ ಉದ್ಯೋಗದ ಜಾಹೀರಾತಿನಲ್ಲೆಲ್ಲ ಎಸ್‌ಕ್ಯುಎಲ್ (ಡೇಟಾಬೇಸ್‌ನಿಂದ ಮಾಹಿತಿ ತೆಗೆಯುವ ಭಾಷೆ) ಕೇಳ್ತಾರೆ. ಎಷ್ಟು ಕಲಿತರೆ ಸಾಕು? — ಕೊಪ್ಪಳ

ಉತ್ತರ: ಬೇರೆಯವರನ್ನು ಕೇಳದೆ ನಿಮ್ಮ ಅನುಮಾನವನ್ನು ನೀವೇ ಪರಿಹರಿಸಿಕೊಳ್ಳುವಷ್ಟು. ಸೆಲೆಕ್ಟ್, ವೇರ್, ಗ್ರೂಪ್ ಬೈ, ಹ್ಯಾವಿಂಗ್, ಎರಡು ಬಗೆಯ ಜಾಯಿನ್ (ಎರಡು ಪಟ್ಟಿ ಜೋಡಿಸುವುದು), ದಿನಾಂಕದ ಲೆಕ್ಕ. ದಿನಕ್ಕೆ ಒಂದು ಗಂಟೆಯಂತೆ ಆರೇಳು ವಾರದ ಕೆಲಸ. ಡೇಟಾಬೇಸ್ ಕಟ್ಟುವುದು, ವೇಗ ಹೆಚ್ಚಿಸುವುದು ನಿಮ್ಮ ಪಾಲಿನದಲ್ಲ.

ಅನಲಿಸ್ಟ್‌ಗಳು ಎಡವುವುದು ಹೆಚ್ಚಾಗಿ ಜಾಯಿನ್‌ನಲ್ಲಿ. ಗ್ರಾಹಕರ ಪಟ್ಟಿ ಮತ್ತು ಬಿಲ್ಲಿನ ಪಟ್ಟಿಯನ್ನು, ಎರಡರಲ್ಲೂ ಇರುವವರನ್ನು ಮಾತ್ರ ಉಳಿಸುವ ಇನ್ನರ್ ಜಾಯಿನ್ ಮಾಡಿದರೆ ಈ ತಿಂಗಳು ಬಿಲ್ಲೇ ಆಗದ ಗ್ರಾಹಕರು ಸದ್ದಿಲ್ಲದೆ ಮಾಯವಾಗುತ್ತಾರೆ. ‘ಎಷ್ಟು ಜನ ಖರೀದಿ ನಿಲ್ಲಿಸಿದ್ದಾರೆ’ ಎಂಬ ಪ್ರಶ್ನೆಗೆ ಸೊನ್ನೆ ಎಂದು ಉತ್ತರ ಬರುತ್ತದೆ. ಅಲ್ಲಿ ಬೇಕಾದದ್ದು ಮೊದಲ ಪಟ್ಟಿಯ ಎಲ್ಲರನ್ನೂ ಉಳಿಸುವ ಲೆಫ್ಟ್ ಜಾಯಿನ್. ಇನ್ನೊಂದು ಇದರ ತಿರುವುಮುರುವು: 10,000 ರೂಪಾಯಿಯ ಒಂದು ಬಿಲ್ಲಿಗೆ ಮೂರು ಕಂತಿನಲ್ಲಿ ಹಣ ಬಂದಿದೆ. ಬಿಲ್ ಮತ್ತು ಪಾವತಿ ಎರಡನ್ನೂ ಜೋಡಿಸಿ ಬಿಲ್ ಮೊತ್ತ ಕೂಡಿಸಿದರೆ 30,000 ಬರುತ್ತದೆ. ಮೊತ್ತ ಅನುಮಾನ ಬರುವಷ್ಟು ದೊಡ್ಡದಾದರೆ ಮೊದಲು ಸಾಲುಗಳ ಎಣಿಕೆ ನೋಡಿ, ಜೋಡಿಸುವ ಮುನ್ನ ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂದು.

ಇದರ ಜೊತೆಗೆ ಪೋಸ್ಟ್‌ಮ್ಯಾನ್ ಎಂಬ ಸಾಧನದಲ್ಲಿ ಒಂದು ಎಪಿಐ (ಎರಡು ಸಾಫ್ಟ್‌ವೇರ್ ಮಾತಾಡಿಕೊಳ್ಳುವ ಕೊಂಡಿ) ಕರೆದು ಉತ್ತರ ಓದಲು ಬಂದರೆ ‘ತಪ್ಪು ನಮ್ಮದಲ್ಲ, ಅವರದು’ ಎಂದು ಎರಡು ಟೀಮುಗಳು ಎಳೆದಾಡುವಾಗ ನೀವು ಸುಮ್ಮನೆ ಕೂರಬೇಕಿಲ್ಲ. ಕಂಪನಿಯ ಡೇಟಾವನ್ನು ಮಾತ್ರ ಹೊರಗಿನ ಎಐ ಸಾಧನಕ್ಕೆ ಹಾಕಿ ಉತ್ತರ ಕೇಳಬೇಡಿ. ಅದು ಕೆಲಸಕ್ಕೇ ಕುತ್ತು.

ಪ್ರಶ್ನೆ: ನಮ್ಮದು ಭತ್ತದ ಅಡತಿ ಮತ್ತು ಸಣ್ಣ ರೈಸ್ ಮಿಲ್. ಅಪ್ಪಾಜಿ ಜೊತೆ ಲೆಕ್ಕ ನೋಡಿಕೊಂಡೇ ಎಂಬಿಎ ಮಾಡಿದೆ. ಐಟಿಯವರು ‘ಡೊಮೇನ್ ನಾಲೆಡ್ಜ್’ ಅಂದ್ರೆ ಬ್ಯಾಂಕಿಂಗ್, ಇನ್ಶೂರೆನ್ಸ್ ಅಂತಾರೆ. ನನಗೆ ಗೊತ್ತಿರೋದು ಚೀಲ, ತೂಕ, ದಲಾಲಿ. ರೆಸ್ಯೂಮೆಯಲ್ಲಿ ಇದನ್ನು ಬಿಟ್ಟುಬಿಡಬೇಕೇ? — ಗಂಗಾವತಿ

ಉತ್ತರ: ಬಿಡಬೇಡಿ. ಈ ಸಲದ ಪತ್ರಗಳಲ್ಲಿ ನಿಮ್ಮ ಬಂಡವಾಳವೇ ದೊಡ್ಡದು. ಸಾಫ್ಟ್‌ವೇರ್ ಹಾಳಾಗುವುದು ವ್ಯವಹಾರದಲ್ಲಿರುವವರಿಗೆ ಗೊತ್ತೇ ಇದೆ ಎಂದು ಯಾರೂ ಬಾಯಿಬಿಟ್ಟು ಹೇಳದ ನಿಯಮಗಳಿಂದ. ಅಂಥವು ಅಡತಿ ಅಂಗಡಿಯಲ್ಲಿ ಹೆಜ್ಜೆಹೆಜ್ಜೆಗೆ ಇವೆ.

ಒಂದು ಲಾರಿ ಭತ್ತ ತೆಗೆದುಕೊಳ್ಳಿ. ವೇಬ್ರಿಜ್ ಮೇಲೆ ತುಂಬಿದ ಲಾರಿ 24,860 ಕೆ.ಜಿ., ಖಾಲಿ ಲಾರಿ 9,740 ಕೆ.ಜಿ. ವ್ಯತ್ಯಾಸ 15,120. ಚೀಲ 200, ಗೋಣಿಗೆ 600 ಗ್ರಾಂನಂತೆ 120 ಕೆ.ಜಿ. ಕಳೆದರೆ ನಿವ್ವಳ 15,000 ಕೆ.ಜಿ. ದರ ಲೆಕ್ಕಕ್ಕೆಂದು 1,800 ರೂ. ಇಟ್ಟುಕೊಳ್ಳೋಣ. ಹೊಸ ಅನಲಿಸ್ಟ್ ಬರೆಯುವ ರಿಕ್ವೈರ್‌ಮೆಂಟ್ ಹೀಗಿರುತ್ತದೆ: ‘ತೂಕ ಮತ್ತು ದರ ಹಾಕಿದರೆ ಸಿಸ್ಟಂ ಬಿಲ್ ಮೊತ್ತ ತೋರಿಸಬೇಕು.’ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್ ಲೆಕ್ಕದಲ್ಲಿ ಇರುವುದರಿಂದ ಡೆವಲಪರ್ 1,800 ಅನ್ನು ಕ್ವಿಂಟಲ್ ದರ ಎಂದುಕೊಳ್ಳುತ್ತಾನೆ. 150 ಕ್ವಿಂಟಲ್‌ಗೆ 2,70,000 ರೂ. ಬರುತ್ತದೆ. ಗಂಗಾವತಿ, ಸಿಂಧನೂರು ಕಡೆ ಭತ್ತದ ದರ ಮಾತಾಡುವುದು 75 ಕೆ.ಜಿ. ಚೀಲಕ್ಕೆ ಎಂದು ನಿಮಗೆ ಗೊತ್ತು. 200 ಚೀಲಕ್ಕೆ 3,60,000. ಒಂದೇ ಲಾರಿಯಲ್ಲಿ ರೈತನಿಗೆ 90,000 ರೂ. ಖೋತಾ. ಇಲ್ಲಿ ಕೋಡ್‌ನಲ್ಲಿ ತಪ್ಪಿಲ್ಲ, ಬರೆದ ವಾಕ್ಯದಲ್ಲಿ ಇದೆ.

ಬಲ್ಲವರು ಬರೆಯುವುದು ಹೀಗೆ: ದರದ ಘಟಕ ‘75 ಕೆ.ಜಿ. ಚೀಲ’ ಎಂದು ಆಯ್ಕೆಯಾಗಿದ್ದು, ನಿವ್ವಳ ತೂಕ 15,000 ಕೆ.ಜಿ., ದರ 1,800 ರೂ. ಇದ್ದಾಗ ಮೊತ್ತ 3,60,000 ಎಂದು ಬರಬೇಕು. ಘಟಕ ಆಯ್ಕೆ ಮಾಡದೆ ಬಿಲ್ ಸೇವ್ ಆಗಬಾರದು. ಖಾಲಿ ಲಾರಿಯ ತೂಕ ತುಂಬಿದ್ದಕ್ಕಿಂತ ಹೆಚ್ಚು ಬಂದರೆ ತಡೆದು ನಿಲ್ಲಿಸಬೇಕು. ಗೋಣಿ ತೂಕವನ್ನು ಬದಲಿಸುವ ಅಧಿಕಾರ ಯಾರಿಗೆ, ಬದಲಿಸಿದ್ದು ಎಲ್ಲಿ ದಾಖಲಾಗುತ್ತದೆ? ತೇವಾಂಶದ ಕಡಿತ ತೂಕದಲ್ಲೋ, ದರದಲ್ಲೋ? ಕೊನೆಯ ಎರಡು ಪ್ರಶ್ನೆ ಕೇಳಿದ ಕೂಡಲೇ ಮಿಲ್ ಮಾಲೀಕರು ಕುರ್ಚಿ ಮುಂದಕ್ಕೆ ಎಳೆದುಕೊಂಡು ಕೂರುತ್ತಾರೆ.

ಮಿಲ್ಲಿನ ಹೊರಬಾಗಿಲಿಗೆ ಬನ್ನಿ. 2022ರ ಜುಲೈ 18ರಿಂದ 25 ಕೆ.ಜಿ.ವರೆಗಿನ, ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿಗೆ 5% ಜಿಎಸ್‌ಟಿ ಬಂತು. ಅದರ ಬೆನ್ನಿಗೇ ಮಾರುಕಟ್ಟೆಗೆ 26 ಕೆ.ಜಿ. ಚೀಲ ಬಂತು. ಐಟಂ ಮಾಸ್ಟರ್‌ನಲ್ಲಿ 25 ಮತ್ತು 26 ಎರಡನ್ನೂ ನೋಡಿದ ಹೊರಗಿನವರು ಟೈಪಿಂಗ್ ತಪ್ಪು ಎಂದು ಒಂದನ್ನು ಅಳಿಸಲು ಹೊರಡುತ್ತಾರೆ. ನಿಮಗೆ ಅಲ್ಲಿ ತೆರಿಗೆ ನಿಯಮ ಕಾಣುತ್ತದೆ. ಡೊಮೇನ್ ತಿಳಿವಳಿಕೆ ಎಂದರೆ ಇಷ್ಟೇ.

ರೆಸ್ಯೂಮೆಯಲ್ಲಿ ‘ಕುಟುಂಬದ ವ್ಯವಹಾರಕ್ಕೆ ಸಹಾಯ’ ಎಂದು ಬರೆದರೆ ಯಾರೂ ಓದುವುದಿಲ್ಲ. ಖರೀದಿ, ತೂಕ, ಗುಣಮಟ್ಟದ ಕಡಿತ, ಬಿಲ್ಲಿಂಗ್, ಜಿಎಸ್‌ಟಿ ರಿಟರ್ನ್, ಬಾಕಿ ವಸೂಲಿ, ಈ ಸರಣಿಯನ್ನು ಈಗಿರುವಂತೆ ಒಂದು ಚಿತ್ರ, ಸುಧಾರಿಸಿದಂತೆ ಇನ್ನೊಂದು ಚಿತ್ರ ಬರೆದು ಎರಡು ಪುಟದ ಮಾದರಿ ಸಿದ್ಧ ಮಾಡಿ. ಗ್ರಾಹಕರ ಹೆಸರು ಬೇಡ, ಅಂಕಿ ಕಲ್ಪಿತವಾಗಿರಲಿ. ಅರ್ಜಿ ಹಾಕಬೇಕಾದದ್ದು ಇಆರ್‌ಪಿ (ಕಂಪನಿಯ ಖರೀದಿ, ದಾಸ್ತಾನು, ಲೆಕ್ಕ ಎಲ್ಲ ಒಂದೇ ಕಡೆ ಇಡುವ ತಂತ್ರಾಂಶ), ಜಿಎಸ್‌ಟಿ ಸಾಫ್ಟ್‌ವೇರ್, ಕೃಷಿ ಸರಕಿನ ವಹಿವಾಟು, ಗೋದಾಮಿನ ಸರಕಿನ ಮೇಲೆ ಸಾಲ ಕೊಡುವ ಸಂಸ್ಥೆಗಳ ತಂತ್ರಾಂಶ ಮಾಡುವವರಿಗೆ. ತೂಕದ ಈ ಲೆಕ್ಕ ಭತ್ತಕ್ಕೇ ಮುಗಿಯುವುದೂ ಇಲ್ಲ. ಸಂಡೂರಿನ ಕಬ್ಬಿಣದ ಅದಿರಿನಲ್ಲಿ ಹಸಿ ಟನ್ ಒಣ ಟನ್ ಎನ್ನುವ ಜಗಳ, ನಿಮ್ಮಲ್ಲಿಯ ತೇವಾಂಶದ ಜಗಳ, ಎರಡೂ ಒಂದೇ ತಾಯಿಯ ಮಕ್ಕಳು.

ಪ್ರಶ್ನೆ: ಸಿಬಿಎಪಿ (ಅನಲಿಸ್ಟ್‌ಗಳ ಪ್ರಮಾಣಪತ್ರ ಪರೀಕ್ಷೆ) ಮಾಡಿದರೆ ಸೀನಿಯರ್ ಆಗಬಹುದು ಎಂದು ಒಂದು ತರಬೇತಿ ಕೇಂದ್ರದವರು ಹೇಳಿದರು. ನನಗೆ ಎರಡು ವರ್ಷದ ಅನುಭವ. ಫೀ ಕಟ್ಟಲೇ? — ಬಳ್ಳಾರಿ

ಉತ್ತರ: ಈಗ ಕಟ್ಟಬೇಡಿ. ಆ ಪರೀಕ್ಷೆಗೆ ಕೂರಲು ಕಳೆದ 10 ವರ್ಷಗಳಲ್ಲಿ 7,500 ಗಂಟೆ ಅನಲಿಸ್ಟ್ ಕೆಲಸ ಮಾಡಿರಬೇಕು. ಅದನ್ನು ಕೊಡುವ ಐಐಬಿಎ ಸಂಸ್ಥೆಯ ಕೈಪಿಡಿ ಬ್ಯಾಬಾಕ್ ಈ ಕೆಲಸವನ್ನು ಆರು ಕ್ಷೇತ್ರ ಮಾಡಿದೆ. ಅವುಗಳಲ್ಲಿ ನಾಲ್ಕರಲ್ಲಿ ತಲಾ 900 ಗಂಟೆ ಬೇಕು, ಜೊತೆಗೆ 35 ಗಂಟೆಯ ತರಬೇತಿ. ದಿನಕ್ಕೆ 8 ಗಂಟೆ, ವರ್ಷಕ್ಕೆ 240 ದಿನ ಎಂದರೆ 1,920 ಗಂಟೆ. ಅದರಲ್ಲಿ ಸ್ಟೇಟಸ್ ಮೀಟಿಂಗು, ಪಿಪಿಟಿ, ಟ್ರೈನಿಂಗು ಕಳೆದು ಪ್ರಾಮಾಣಿಕವಾಗಿ 60% ಹಿಡಿದರೆ 1,152. ಈ ಲೆಕ್ಕದಲ್ಲಿ 7,500 ತಲುಪಲು ಆರೂವರೆ ವರ್ಷ. ಕೆಳಗಿನ ಹಂತದ ಸಿಸಿಬಿಎಗೆ 3,750 ಗಂಟೆ, ಅದಕ್ಕೂ ಮೂರು ವರ್ಷ ದಾಟಬೇಕು. ಇಸಿಬಿಎಗೆ ಅನುಭವ ಕೇಳುವುದಿಲ್ಲ, ಆದರೆ ಎರಡು ವರ್ಷ ಕೆಲಸ ಮಾಡಿದವರಿಗೆ ಅದರಿಂದ ಸಿಗುವುದು ಕಡಿಮೆ.

ಈಗ ಮಾಡಬೇಕಾದ, ದುಡ್ಡು ಬೇಡದ ಕೆಲಸ ಒಂದಿದೆ: ಪ್ರತಿ ತಿಂಗಳ ಕೊನೆಗೆ ಎಕ್ಸೆಲ್‌ನಲ್ಲಿ ಪ್ರಾಜೆಕ್ಟ್, ಯಾವ ಕ್ಷೇತ್ರದ ಕೆಲಸ, ಎಷ್ಟು ಗಂಟೆ, ಯಾರು ದೃಢೀಕರಿಸಬಲ್ಲರು ಎಂದು ಬರೆದಿಡಿ. ಅರ್ಜಿಗಳನ್ನು ಆಡಿಟ್ ಮಾಡುವುದುಂಟು. ಆರು ವರ್ಷದ ಹಿಂದಿನ ಮ್ಯಾನೇಜರನ್ನು ಆಗ ಹುಡುಕಿ ಸಹಿ ಕೇಳುವುದು ತಲೆನೋವು.

ಫೀ ಕಟ್ಟಲೇಬೇಕು ಎನಿಸಿದರೆ, ಆ ಹಣಕ್ಕೆ ನಿಮ್ಮ ಡೊಮೇನಿನ ಒಂದು ಕೋರ್ಸ್ ಮಾಡಿ. ಸಿಬಿಎಪಿ ಇದ್ದೂ ಪಾಲಿಸಿ ಲ್ಯಾಪ್ಸ್ ಆದರೆ ಏನಾಗುತ್ತದೆ ಎಂದು ತಿಳಿಯದವರನ್ನು ಇನ್ಶೂರೆನ್ಸ್ ಪ್ರಾಜೆಕ್ಟಿಗೆ ಯಾರೂ ಕರೆಯುವುದಿಲ್ಲ.

ಪ್ರಶ್ನೆ: ತೋರಣಗಲ್ಲಿನ ಕಡೆ ಒಂದು ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿ ಆರು ವರ್ಷ. ಬಿ.ಕಾಂ., ದೂರಶಿಕ್ಷಣದಲ್ಲಿ ಎಂಬಿಎ. ಸ್ಯಾಪ್‌ (ಕಾರ್ಖಾನೆಯ ಇಆರ್‌ಪಿ ತಂತ್ರಾಂಶ) ನಲ್ಲಿ ದಿನಾ ಎಂಟ್ರಿ ಮಾಡ್ತೀನಿ. ಐಟಿಗೆ ಹೋಗಬಹುದಾ, ವಯಸ್ಸು ಮೀರಿತಾ? — ಸಂಡೂರು

ಉತ್ತರ: ಮೀರಿಲ್ಲ. ನೀವು ಹಿಡಿಯಬೇಕಾದ ದಾರಿ ಅನಲಿಸ್ಟ್‌ನದಲ್ಲ, ಅದರ ಪಕ್ಕದ್ದು: ಸ್ಯಾಪ್ ಎಂಎಂ (ಖರೀದಿ, ದಾಸ್ತಾನಿನ ಭಾಗ) ಫಂಕ್ಷನಲ್ ಕನ್ಸಲ್ಟೆಂಟ್. ಅಲ್ಲಿ ಕೋಡ್ ಬರೆಯುವವರು ಬೇರೆ, ಅವರನ್ನು ಅಬಾಪರ್ ಅಂತಾರೆ. ಕನ್ಸಲ್ಟೆಂಟ್ ಸಿಸ್ಟಂ ಹೇಗೆ ವರ್ತಿಸಬೇಕು ಎಂದು ಸೆಟ್ಟಿಂಗ್ ಮಾಡುತ್ತಾನೆ. ಹಳೆಯ ಇಸಿಸಿ ಆವೃತ್ತಿಗೆ ಸ್ಯಾಪ್ ಕೊಡುವ ಮುಖ್ಯ ನಿರ್ವಹಣೆ 2027ರ ಕೊನೆಗೆ ಮುಗಿಯುವುದರಿಂದ ಹೊಸ ಆವೃತ್ತಿಯಾದ ಎಸ್4 ಹಾನಾಗೆ ಬದಲಾಗುವ ಪ್ರಾಜೆಕ್ಟುಗಳು ನಡೆಯುತ್ತಿವೆ.

ಬಳಕೆದಾರನಿಗೂ ಕನ್ಸಲ್ಟೆಂಟ್‌ಗೂ ಇರುವ ಅಂತರ ಎಷ್ಟು ಎಂದು ನೋಡಿ. ನೀವು ಮಿಗೋದಲ್ಲಿ (ಮಾಲಿನ ಎಂಟ್ರಿ ಮಾಡುವ ಸ್ಕ್ರೀನ್) 101 ಎಂಬ ಸಂಕೇತ ಹಾಕಿ ಮಾಲು ಸ್ವೀಕರಿಸುತ್ತೀರಿ, 201 ಹಾಕಿ ಕಾಸ್ಟ್ ಸೆಂಟರ್‌ಗೆ (ಖರ್ಚು ಬೀಳುವ ವಿಭಾಗ) ಕೊಡುತ್ತೀರಿ, 122 ಹಾಕಿ ಸಪ್ಲೈಯರ್‌ಗೆ ವಾಪಸ್ ಕಳಿಸುತ್ತೀರಿ. ಇಲ್ಲಿಯವರೆಗೆ ಬಳಕೆದಾರ. 101 ಒತ್ತಿದಾಗ ಯಾವ ಲೆಡ್ಜರ್ ಖಾತೆಗೆ ಡೆಬಿಟ್, ಯಾವುದಕ್ಕೆ ಕ್ರೆಡಿಟ್, ಅದನ್ನು ವ್ಯಾಲ್ಯುಯೇಷನ್ ಕ್ಲಾಸ್ (ಲೆಕ್ಕಕ್ಕಾಗಿ ಮಾಲಿನ ವರ್ಗ) ಹೇಗೆ ನಿರ್ಧರಿಸುತ್ತದೆ, ಖಾತೆಗಳನ್ನು ಹೊಂದಿಸುವ ಓಬಿವೈಸಿ ಸ್ಕ್ರೀನಿನಲ್ಲಿ ಅದನ್ನು ಎಲ್ಲಿ ಬದಲಿಸಬೇಕು ಎಂದು ಹೇಳಬಲ್ಲವನು ಕನ್ಸಲ್ಟೆಂಟ್. ಬಿ.ಕಾಂ. ಓದಿದವರಿಗೆ ಇದರಲ್ಲಿ ಅರ್ಧ ದಾರಿ ಆಗಲೇ ಮುಗಿದಿದೆ.

ಸ್ಟೋರ್ಸ್‌ನಲ್ಲಿ ದಿನಾ ನೋಡುವ ತೊಂದರೆಗಳನ್ನು ಕಾರಣ ಸಮೇತ ಬರೆದಿಡಿ. ಲಾರಿ ಗೇಟಿನೊಳಗೆ ಬಂದು ಮಾಲು ಇಳಿದಿದೆ, ಮಿಗೋ ಆಗಿಲ್ಲ. ಅಷ್ಟರಲ್ಲಿ ಬಿಲ್ ಅಕೌಂಟ್ಸ್‌ಗೆ ಹೋಗಿ ಮಿರೋದಲ್ಲಿ (ಬಿಲ್ ದಾಖಲಿಸುವ ಸ್ಕ್ರೀನ್) ಸಿಕ್ಕಿಕೊಂಡಿತು. ಪಿಒ (ಖರೀದಿ ಆದೇಶ), ಸ್ವೀಕೃತಿ, ಬಿಲ್ ಈ ಮೂರೂ ತಾಳೆಯಾಗದೆ ಹಣ ಬಿಡುಗಡೆ ಇಲ್ಲ. ತಿಂಗಳ ಕೊನೆಗೆ ಬಂದ ಮಾಲು, ಬಂದ ಬಿಲ್ ತಾಳೆ ನೋಡುವ ಜಿಆರ್–ಐಆರ್ ಖಾತೆಯಲ್ಲಿ ಬಾಕಿ ನಿಂತುಬಿಟ್ಟಿತು. ಇನ್ನೊಂದು: ಎಣ್ಣೆಯನ್ನು ಪಿಒದಲ್ಲಿ ಡ್ರಮ್ ಲೆಕ್ಕ ತರಿಸಿ, ಸ್ಟೋರ್ಸ್‌ನಿಂದ ಲೀಟರ್ ಲೆಕ್ಕ ಕೊಡುವುದು. ಮಟೀರಿಯಲ್ ಮಾಸ್ಟರ್‌ನಲ್ಲಿ ಒಂದು ಡ್ರಮ್‌ಗೆ 210 ಲೀಟರ್ ಎಂಬ ಪರಿವರ್ತನೆಯ ಬದಲು 1 ಲೀಟರ್ ಎಂದು ಬಿದ್ದರೆ 5 ಡ್ರಮ್ ಬಂದಾಗ ದಾಸ್ತಾನು 5 ಲೀಟರ್ ತೋರಿಸುತ್ತದೆ, ಇರಬೇಕಾದದ್ದು 1,050. ಇಂಥ ಹದಿನೈದು ಘಟನೆ ವಿವರಿಸಬಲ್ಲವರನ್ನು ಸಂದರ್ಶನದಲ್ಲಿ ಬೇಗ ಗುರುತಿಸುತ್ತಾರೆ, ಏಕೆಂದರೆ ಕೋರ್ಸ್ ಮಾತ್ರ ಮಾಡಿದವರಿಗೆ ಇವು ಗೊತ್ತಿರುವುದಿಲ್ಲ.

ಮೊದಲ ಪ್ರಯತ್ನ ನಿಮ್ಮ ಕಾರ್ಖಾನೆಯ ಒಳಗೇ ಇರಲಿ. ಸ್ಯಾಪ್ ಬದಲಾವಣೆ, ಹೊಸ ಗೋದಾಮು, ಬಾರ್‌ಕೋಡ್, ಯಾವುದಾದರೂ ಪ್ರಾಜೆಕ್ಟ್ ಬಂದಾಗ ‘ಕೀ ಯೂಸರ್’ (ನಿಮ್ಮ ವಿಭಾಗದ ಪರವಾಗಿ ಪ್ರಾಜೆಕ್ಟಿನಲ್ಲಿ ಕೂರುವವರು) ಆಗಿ ಹೆಸರು ಕೊಡಿ. ಸೆಟ್ಟಿಂಗ್ ಇರುವ ಎಸ್‌ಪಿಆರ್‌ಒಗೆ ನಿಮಗೆ ಅನುಮತಿ ಇರುವುದಿಲ್ಲ, ಆದರೆ ಹೊರಗಿನಿಂದ ಬಂದ ಕನ್ಸಲ್ಟೆಂಟ್ ಪಕ್ಕ ಕೂತು ಟೆಸ್ಟ್ ಮಾಡುವ ಮೂರು ತಿಂಗಳು ಯಾವ ಕೋರ್ಸಿಗೂ ಕಡಿಮೆಯಲ್ಲ. ಒಂದು ಎಚ್ಚರಿಕೆ: ಐಟಿಗೆ ಹೋದಾಗ ಆರೂ ವರ್ಷವನ್ನು ‘ಸಂಬಂಧಿತ ಅನುಭವ’ ಎಂದು ಎಲ್ಲರೂ ಒಪ್ಪುವುದಿಲ್ಲ. ಮೊದಲ ಕೆಲಸದಲ್ಲಿ ಸಂಬಳ ಈಗಿನಷ್ಟೇ ಇರಬಹುದು, ಬೆಂಗಳೂರಿನ ಬಾಡಿಗೆ ಬೇರೆ. ಮನೆಯಲ್ಲಿ ಕೂತು ಆ ಲೆಕ್ಕ ಹಾಕಿದ ಮೇಲೆ ರಾಜೀನಾಮೆ ಬರೆಯಿರಿ.

ಪ್ರಶ್ನೆ: ಒಂದು ಕನ್ಸಲ್ಟೆನ್ಸಿಯವರು ಮೂರು ವರ್ಷದ ಅನುಭವದ ಪತ್ರ ಕೊಡ್ತೀವಿ, ಸಂಬಳದ ಚೀಟಿನೂ ಕೊಡ್ತೀವಿ, ಹಣ ಕಟ್ಟಿ ಅಂತಾರೆ. ಎಲ್ಲರೂ ಹೀಗೇ ಹೋಗ್ತಾರಂತೆ. — ಲಿಂಗಸುಗೂರು

ಉತ್ತರ: ಬೇಡವೇ ಬೇಡ. ಪಿಎಫ್‌ನ ಯುಎಎನ್ (ಕಂಪನಿ ಬದಲಾದರೂ ಬದಲಾಗದ ಸಂಖ್ಯೆ) ದಾಖಲೆಯಲ್ಲಿ ನೀವು ಯಾವ ಕಂಪನಿಯಲ್ಲಿ ಯಾವ ದಿನದಿಂದ ಯಾವ ದಿನದವರೆಗೆ ಇದ್ದಿರಿ ಎಂಬುದು ಇರುತ್ತದೆ. ಆದಾಯ ತೆರಿಗೆಯ ಫಾರ್ಮ್ 26ಎಎಸ್‌ನಂಥ ದಾಖಲೆಯಲ್ಲಿ ನಿಮ್ಮ ಸಂಬಳದಿಂದ ಯಾರು ಟಿಡಿಎಸ್ (ಮುರಿದುಕೊಂಡ ತೆರಿಗೆ) ಕಟ್ಟಿದ್ದಾರೆ ಎಂಬುದು ಇರುತ್ತದೆ. ಪರಿಶೀಲನೆ ಮಾಡುವವರು ಮೊದಲು ಕೇಳುವುದು ಇವೆರಡನ್ನೇ. ಸಿಕ್ಕಿಬಿದ್ದರೆ ಕೆಲಸ ಹೋಗುವುದಷ್ಟೇ ಅಲ್ಲ, ಆ ಕಂಪನಿಗೆ ಮತ್ತೆ ಅರ್ಜಿ ಹಾಕುವಂತಿಲ್ಲ. ಸಿಕ್ಕಿಬೀಳದಿದ್ದರೂ ಮೂರು ವರ್ಷ ಅನುಭವ ಇದೆಯೆಂದು ಕೊಟ್ಟ ಕೆಲಸವನ್ನು ಮೊದಲ ದಿನದಿಂದ ಮಾಡಬೇಕಲ್ಲ!

ಅನುಭವವಿಲ್ಲದವರಿಗೆ ಒಳಬಾಗಿಲು ಬೇರೆ ಇವೆ: ಸಾಫ್ಟ್‌ವೇರ್ ಪ್ರಾಡಕ್ಟ್ ಕಂಪನಿಗಳ ಸಪೋರ್ಟ್, ಇಂಪ್ಲಿಮೆಂಟೇಷನ್, ಮ್ಯಾನ್ಯುಯಲ್ ಟೆಸ್ಟಿಂಗ್. ಅಲ್ಲಿ ಒಂದೂವರೆ ವರ್ಷ ಗ್ರಾಹಕರ ದೂರು ಕೇಳಿದವರು ಅದೇ ಕಂಪನಿಯಲ್ಲಿ ಅನಲಿಸ್ಟ್ ಆಗುವುದು ಸಾಮಾನ್ಯ. ಪ್ರಾಡಕ್ಟ್ ಎಲ್ಲಿ ನೋಯುತ್ತದೆ ಎಂದು ಅವರಿಗೆ ಗೊತ್ತಿರುತ್ತದೆ.

ಪ್ರಶ್ನೆ: ಆರು ವರ್ಷ ಆಯ್ತು. ಪ್ರಾಡಕ್ಟ್ ಓನರ್ ಆಗಲೋ, ಪ್ರಾಜೆಕ್ಟ್ ಮ್ಯಾನೇಜರ್ ಆಗಲೋ? — ರಾಯಚೂರು

ಉತ್ತರ: ಯಾವ ಬೈಗುಳ ತಡೆದುಕೊಳ್ಳಬಲ್ಲಿರಿ ಎಂದು ಕೇಳಿಕೊಳ್ಳಿ. ‘ಯಾಕೆ ತಡವಾಯ್ತು, ಯಾಕೆ ಖರ್ಚು ಏರಿತು’ ಎಂದು ಕೇಳಿಸಿಕೊಳ್ಳುವವರು ಪ್ರಾಜೆಕ್ಟ್ ಮ್ಯಾನೇಜರ್. ‘ಸಮಯಕ್ಕೆ ಬಂತು, ಆದರೆ ಯಾರೂ ಬಳಸುತ್ತಿಲ್ಲವಲ್ಲ’ ಎಂದು ಕೇಳಿಸಿಕೊಳ್ಳುವವರು ಪ್ರಾಡಕ್ಟ್ ಓನರ್. ಹಾಗೆಯೇ, ಸರ್ವಿಸ್ ಕಂಪನಿಯಲ್ಲಿ ಪ್ರಾಡಕ್ಟ್ ಓನರ್ ಎಂಬ ಹೆಸರಿದ್ದರೂ ಯಾವುದು ಮೊದಲು ಯಾವುದು ಆಮೇಲೆ ಎಂಬ ಅಧಿಕಾರ ಗ್ರಾಹಕ ಕಂಪನಿಯಲ್ಲೇ ಉಳಿಯುವುದು ಹೆಚ್ಚು. ಆ ಪಟ್ಟದ ಆಸೆಗೆ ಬೀಳುವ ಮುನ್ನ ಬ್ಯಾಕ್‌ಲಾಗ್‌ನ (ಮಾಡಬೇಕಾದ ಕೆಲಸಗಳ ಪಟ್ಟಿ) ಸಾಲನ್ನು ನೀವು ಮೇಲೆ ಕೆಳಗೆ ಮಾಡಬಹುದೇ ಎಂದು ವಿಚಾರಿಸಿ.

ಪ್ರಾಡಕ್ಟ್ ಕಡೆಗಾದರೆ ಪ್ರಾಡಕ್ಟ್ ಓನರ್ ಪ್ರಮಾಣಪತ್ರದ ಪಿಎಸ್‌ಪಿಒ ಪರೀಕ್ಷೆಗೆ ಕೋರ್ಸ್ ಕಡ್ಡಾಯವಲ್ಲ. 60 ನಿಮಿಷದಲ್ಲಿ 80 ಪ್ರಶ್ನೆ, ಪಾಸಾಗಲು 85%. ಮ್ಯಾನೇಜರ್ ಕಡೆಗಾದರೆ ಪ್ರಾಜೆಕ್ಟ್ ಮ್ಯಾನೇಜರ್‌ಗಳ ಪ್ರಮಾಣಪತ್ರ ಪಿಎಂಪಿ. ಅದಕ್ಕೆ ಪ್ರಾಜೆಕ್ಟ್ ಮುನ್ನಡೆಸಿದ 36 ತಿಂಗಳ ಅನುಭವ, 35 ಗಂಟೆ ತರಬೇತಿ ಬೇಕು. ಮಾತಿನ ಚಾಕಚಕ್ಯತೆ, ಅಂದಾಜು ಮಾಡುವ ಕೈ ಎರಡೂ ಇದ್ದವರು ಪ್ರೀಸೇಲ್ಸ್ ಕೂಡ ನೋಡಬಹುದು. ಟೆಂಡರಿಗೆ ಉತ್ತರ ಬರೆಯುವ, ಡೆಮೊ ಕೊಡುವ ಆ ಕೆಲಸಕ್ಕೆ ಎಂಬಿಎ ಓದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ಅಲ್ಲಿ ಜನ ಕಡಿಮೆ, ರಾತ್ರಿ ನಿದ್ದೆಯೂ ಕಡಿಮೆ.

ಪ್ರಶ್ನೆ: ಹತ್ತನೇವರೆಗೆ ಕನ್ನಡ ಮಾಧ್ಯಮ. ಇಂಗ್ಲಿಷ್ ಬರೆಯಬಲ್ಲೆ, ವಿದೇಶಿ ಗ್ರಾಹಕರ ಕರೆಯಲ್ಲಿ ಬಾಯಿ ಕಟ್ಟುತ್ತದೆ. ಸೀನಿಯರ್ ಆಗಲು ಇದೇ ಅಡ್ಡಿ ಅಂತ ಅಪ್ರೈಸಲ್‌ನಲ್ಲಿ ಬರೆದಿದ್ದಾರೆ. — ಮಾನ್ವಿ

ಉತ್ತರ: ಅಪ್ರೈಸಲ್‌ನಲ್ಲಿ ‘ಕಮ್ಯುನಿಕೇಷನ್’ ಎಂದು ಬರೆದಾಗ ಅದು ಸಾಮಾನ್ಯವಾಗಿ ಉಚ್ಚಾರದ ಮಾತಲ್ಲ. ಕರೆಯಲ್ಲಿ ನೀವು ಸುಮ್ಮನಿದ್ದಿರಿ, ಆಮೇಲೆ ತಪ್ಪು ಹೊರಬಂತು, ಅಷ್ಟು. ಕರೆಯ ಹಿಂದಿನ ದಿನ ಐದು ಪ್ರಶ್ನೆ ಬರೆದು ಮೇಲ್ ಮಾಡಿ. ಪ್ರತಿ ಪ್ರಶ್ನೆಗೂ ನಿಮ್ಮ ಊಹೆಯ ಉತ್ತರವನ್ನೂ ಸೇರಿಸಿ: ‘ಗ್ರಾಹಕ ಅರ್ಧ ಕಂತು ಕಟ್ಟಿದರೆ ಅದನ್ನು ಬಾಕಿ ಎಂದೇ ತೋರಿಸುತ್ತೇವೆ ಎಂದುಕೊಂಡಿದ್ದೇನೆ, ಸರಿಯೇ?’ ಆಗ ಕರೆಯಲ್ಲಿ ಮಾತಾಡುವುದು ಅವರು, ತಿದ್ದುವುದು ಅವರು. ಸ್ಕ್ರೀನ್ ಮೇಲೆ ಚಿತ್ರ ಹಂಚಿಕೊಂಡು ಬೆರಳಿಟ್ಟು ತೋರಿಸಿ ಕೇಳಿದರೆ ವಾಕ್ಯ ಉದ್ದ ಬೇಕಾಗುವುದಿಲ್ಲ. ಅರ್ಥವಾಗದಿದ್ದಾಗ ‘ಓಕೆ’ ಎನ್ನುವ ಚಾಳಿಯೊಂದನ್ನು ಇಂದೇ ಬಿಡಿ, ಅದರಷ್ಟು ದುಬಾರಿ ಪದ ಈ ವೃತ್ತಿಯಲ್ಲಿ ಇನ್ನೊಂದಿಲ್ಲ.

ಪ್ರಶ್ನೆ: ಮದುವೆಯಾಗಿ ರಾಯಚೂರಿಗೆ ಬಂದಿದ್ದೇನೆ. ನಾಲ್ಕು ವರ್ಷ ಇನ್ಶೂರೆನ್ಸ್ ಪ್ರಾಜೆಕ್ಟಿನಲ್ಲಿ ಅನಲಿಸ್ಟ್ ಆಗಿದ್ದೆ. ಇಲ್ಲಿಂದಲೇ ಮುಂದುವರಿಯಲು ಆಗುತ್ತದೆಯೇ ಮೇಡಂ? — ರಾಯಚೂರು

ಉತ್ತರ: ಪೂರ್ತಿ ಮನೆಯಿಂದಲೇ ಎನ್ನುವ ಕೆಲಸ ಕಡಿಮೆಯಾಗಿವೆ. ವಾರಕ್ಕೆ ಎರಡು ಮೂರು ದಿನ ಆಫೀಸು ಎನ್ನುವುದೇ ಹೆಚ್ಚು. ನಿಮ್ಮೂರಿಂದ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ, ದೂರ ಸುಮಾರು ಅರ್ಧ. ಹುಡುಕಾಟವನ್ನು ಆ ಕಡೆ ತಿರುಗಿಸಿ. ತೆಲುಗು ಕಿವಿಗೆ ಬಿದ್ದು ಬೆಳೆದವರಿಗೆ ಅಲ್ಲಿ ಹೊಂದಿಕೊಳ್ಳುವುದೂ ಸುಲಭ. ಬಳ್ಳಾರಿ, ಕೊಪ್ಪಳದವರಿಗೆ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಬೆಂಗಳೂರಲ್ಲಿ ಇಳಿಯುವ ದಾರಿ ಇದೆ.

ಅರ್ಜಿಯಲ್ಲಿ ‘ವರ್ಕ್ ಫ್ರಂ ಹೋಂ ಬೇಕು’ ಎಂದು ಮೊದಲ ಸಾಲಿನಲ್ಲಿ ಬರೆಯಬೇಡಿ. ಕ್ಲೇಮ್, ಪಾಲಿಸಿ ನವೀಕರಣ, ಪ್ರೀಮಿಯಂ ಲೆಕ್ಕ, ಇವುಗಳಲ್ಲಿ ಯಾವುದನ್ನು ಕೊನೆವರೆಗೆ ನೋಡಿಕೊಂಡಿದ್ದಿರೋ ಅದನ್ನು ಬರೆಯಿರಿ. ಎರಡನೇ ಸುತ್ತಿನ ಮಾತುಕತೆ ಮುಗಿದ ಮೇಲೆ ತಿಂಗಳಿಗೆ ಎಷ್ಟು ದಿನ ಬರಬಲ್ಲಿರಿ ಎಂದು ಸಂಖ್ಯೆಯಲ್ಲಿ ಹೇಳಿ. ‘ಸ್ವಲ್ಪ ಫ್ಲೆಕ್ಸಿಬಲ್ ಇದ್ದರೆ ಒಳ್ಳೇದು’ ಎಂದರೆ ಅವರು ಒಂದು ಅರ್ಥ ಮಾಡಿಕೊಳ್ಳುತ್ತಾರೆ, ನೀವು ಇನ್ನೊಂದು. ಒಪ್ಪಿದ್ದನ್ನು ಆಫರ್ ಲೆಟರ್‌ನಲ್ಲೇ ಬರೆಸಿಕೊಳ್ಳಿ. ಬಾಯಿಮಾತಲ್ಲಿ ಒಪ್ಪಿದ ಮ್ಯಾನೇಜರ್ ಆರು ತಿಂಗಳಲ್ಲಿ ಬೇರೆ ಪ್ರಾಜೆಕ್ಟಿಗೆ ಹೋಗಿರುತ್ತಾರೆ.